ಬುದ್ಧಿ ಹಲ್ಲು ಕೀಳಿಸಿದ ಮೇಲಿನ ನೋವು: ಮೊದಲ ಗಂಟೆಯಿಂದ ಎರಡನೇ ವಾರದವರೆಗೆ

ಮೊದಲ ಬುದ್ಧಿ ಹಲ್ಲು ಕೀಳಿಸಿಕೊಂಡ ದಿನ ನಾನು ಮಾಡಿದ ತಪ್ಪು ಒಂದೇ. ನೋವು ಬರಲಿ, ಆಮೇಲೆ ಮಾತ್ರೆ ನುಂಗಿದರಾಯಿತು ಎಂದುಕೊಂಡೆ. ಕೆನ್ನೆ ಮರಗಟ್ಟಿತ್ತು, ನೋವಿನ ಸುಳಿವೇ ಇರಲಿಲ್ಲ, ವೈದ್ಯರು ಬರೆದುಕೊಟ್ಟ ಮಾತ್ರೆಗಳು ಮೇಜಿನ ಮೇಲೆ ಹಾಗೆಯೇ ಬಿದ್ದಿದ್ದವು. ಸಂಜೆಯ ಹೊತ್ತಿಗೆ ಕೆಳತುಟಿಯ ಅಂಚಿನಲ್ಲಿ ಇರುವೆ ಹರಿದಂತಾಯಿತು. ಅದಾದ ಅರ್ಧ ಗಂಟೆಗೆ ದವಡೆಯ ಮೂಲೆಯಲ್ಲಿ ಯಾರೋ ಉಳಿ ಇಟ್ಟು ಬಡಿಯತೊಡಗಿದರು. ಗಾಬರಿಯಲ್ಲಿ ನುಂಗಿದ ಮಾತ್ರೆ ಕೆಲಸಕ್ಕೆ ಇಳಿಯಲು ಸುಮಾರು ಒಂದು ಗಂಟೆ ತೆಗೆದುಕೊಂಡಿತು. ಹಲ್ಲು ಕಚ್ಚಿ ಸಹಿಸು ಎನ್ನುತ್ತಾರಲ್ಲ, ಹಲ್ಲು ಕಚ್ಚಲೂ ಆಗದಂಥ ನೋವಿಗೆ ಆ ಬುದ್ಧಿವಾದ ಯಾವ ಉಪಯೋಗಕ್ಕೂ ಬರಲಿಲ್ಲ.

ಎರಡನೇ ಹಲ್ಲಿನ ಸಲ ಗಡಿಯಾರ ನೋಡಿ ಮಾತ್ರೆ ತೆಗೆದುಕೊಂಡೆ. ಹಲ್ಲು ಮೊದಲಿನದಕ್ಕಿಂತ ಕಠಿಣವಾಗಿತ್ತು, ಮೂಳೆಯನ್ನೂ ಸ್ವಲ್ಪ ಕೊರೆಯಬೇಕಾಯಿತು, ಆದರೂ ಆ ರಾತ್ರಿ ನಿದ್ದೆ ಬಂತು. ಮಾತ್ರೆ ನುಂಗಿದ ಸಮಯದ ಹೊರತು ಹೆಚ್ಚೇನೂ ಬದಲಾಗಿರಲಿಲ್ಲ. ಮುಂದೆ ಹೇಳುವುದೆಲ್ಲ ಸಾಮಾನ್ಯ ಆರೋಗ್ಯವಿರುವ ವಯಸ್ಕರನ್ನು ಕುರಿತದ್ದು. ನಿಮ್ಮ ದಂತವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಬೇಕು, ಏಕೆಂದರೆ ನಿಮ್ಮ ದವಡೆಯ ಒಳಗನ್ನು ನೋಡಿದವರು ಅವರು.

ಈ ನೋವು ಹೇಗೆ ಏರಿ ಹೇಗೆ ಇಳಿಯುತ್ತದೆ

ದಾರಿ ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅರಿವಳಿಕೆ ಚುಚ್ಚುಮದ್ದಿನ ಪರಿಣಾಮ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಕೆಲವೊಮ್ಮೆ ಇನ್ನೂ ಹೆಚ್ಚು. ಅದು ಇಳಿದ ನಂತರದ ಮೊದಲ ಆರರಿಂದ ಹನ್ನೆರಡು ಗಂಟೆಗಳೇ ನೋವಿನ ಶಿಖರ. ಎರಡನೇ ದಿನ ನೋವು ಮೊಂಡಾಗುತ್ತದೆ, ಆದರೆ ಊತ ಇನ್ನೂ ಏರುತ್ತಿರುತ್ತದೆ. ಊತದ ತುದಿ 48ರಿಂದ 72 ಗಂಟೆಗಳ ನಡುವೆ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಮೂರನೇ ದಿನ ಗಾಬರಿಯಾಗುವವರೇ ಹೆಚ್ಚು. ಆ ಹೊತ್ತಿಗೆ ನೋವು ಇಳಿಮುಖವಾಗಿದ್ದರೆ ಮುಖ ಎಷ್ಟೇ ದಪ್ಪಗಿದ್ದರೂ ಚಿಂತೆಯಿಲ್ಲ. ಕೆನ್ನೆಯ ಮೇಲೋ ಕುತ್ತಿಗೆಯ ಕಡೆಗೋ ನೀಲಿ, ಆಮೇಲೆ ಹಳದಿ ಛಾಯೆ ಕಾಣಿಸಿಕೊಳ್ಳಬಹುದು. ಅದು ಚರ್ಮದಡಿ ಇಳಿದ ರಕ್ತ, ತಾನಾಗಿಯೇ ಹೋಗುತ್ತದೆ.

ಇಷ್ಟನ್ನು ನೆನಪಿಟ್ಟುಕೊಳ್ಳಿ: ದಿನದಿಂದ ದಿನಕ್ಕೆ ಇಳಿಯುತ್ತಿರುವ ನೋವು ಗಾಯ ಮಾಯುವಾಗಿನ ನೋವು. ಇಳಿದು, ಮತ್ತೆ ಮೂರನೆಯ ಅಥವಾ ನಾಲ್ಕನೆಯ ದಿನ ಏರುವ ನೋವು ಬೇರೆಯದೇ ಕಥೆ. ಅದರ ವಿಷಯ ಮುಂದೆ ಬರುತ್ತದೆ.

ಕೀಳಿಸುವ ಹಿಂದಿನ ದಿನ

ಮಾತ್ರೆಗಳನ್ನು ಮೊದಲೇ ತಂದಿಡಿ. ಬಾಯಲ್ಲಿ ಗಾಜ್ (ಗಾಯಕ್ಕೆ ಇಡುವ ತೆಳು ಹತ್ತಿಬಟ್ಟೆ) ಕಚ್ಚಿಕೊಂಡು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರ ಕಷ್ಟ ನಿಂತವರಿಗೇ ಗೊತ್ತು. ಫ್ರೀಜರ್‌ನಲ್ಲಿ ಎರಡು ಐಸ್ ಪ್ಯಾಕ್, ಮೆತ್ತಗಿನ ಆಹಾರ, ಇನ್ನೊಂದು ದಿಂಬು, ಇಷ್ಟಿದ್ದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ವೈದ್ಯರಿಗೆ ಹೇಳಬೇಕಾದ ಮಾತುಗಳು. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ, ಆಸ್ತಮಾ, ಪಿತ್ತಜನಕಾಂಗದ ಸಮಸ್ಯೆ, ಗರ್ಭಧಾರಣೆ, ರಕ್ತ ತೆಳುವಾಗಿಸುವ ಮಾತ್ರೆ, ಯಾವುದೇ ಔಷಧದ ಅಲರ್ಜಿ, ಇವುಗಳಲ್ಲಿ ಒಂದಿದ್ದರೂ ಬಿಡದೆ ಹೇಳಿ. ನೋವಿನ ಮಾತ್ರೆಯ ಆಯ್ಕೆ ಇದರ ಮೇಲೆಯೇ ನಿಂತಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲ ಮಾತ್ರೆಯನ್ನು ಕೀಳುವ ಮುನ್ನವೇ ತೆಗೆದುಕೊಳ್ಳಬಹುದೇ ಎಂದೂ ಕೇಳಿ. ಕೆಲವು ವೈದ್ಯರು ಹೌದು ಎನ್ನುತ್ತಾರೆ.

ಮೊದಲ ಗಂಟೆ: ಗಾಜ್ ಮತ್ತು ಸುಮ್ಮನಿರುವುದು

ಕಿತ್ತ ಜಾಗದ ಮೇಲೆ ಮಡಿಸಿದ ಗಾಜ್ ಇಟ್ಟು ಕಚ್ಚಿಕೊಳ್ಳಲು ಹೇಳುತ್ತಾರೆ. 30ರಿಂದ 45 ನಿಮಿಷ, ಸಮನಾದ ಒತ್ತಡದಲ್ಲಿ, ಅಗಿಯದೆ, ಐದು ನಿಮಿಷಕ್ಕೊಮ್ಮೆ ತೆಗೆದು ನೋಡದೆ. ನೋಡುವ ಚಪಲವೇ ಇಲ್ಲಿ ಶತ್ರು, ಪ್ರತಿ ಸಲ ಎತ್ತಿದಾಗಲೂ ಆಗಷ್ಟೇ ಕಟ್ಟುತ್ತಿರುವ ರಕ್ತದ ಹೆಪ್ಪು ಬಟ್ಟೆಗೆ ಅಂಟಿ ಕಿತ್ತುಬರುತ್ತದೆ. ಆ ಹೆಪ್ಪೇ ಮುಂದಿನ ವಾರದ ನಿಮ್ಮ ನೋವುನಿವಾರಕ. ಕುಳಿಯ ತಳದ ಮೂಳೆಯನ್ನೂ ನರದ ತುದಿಗಳನ್ನೂ ಮುಚ್ಚಿಡುವ ಮುಚ್ಚಳ ಅದು.

ಒಂದು ಗಂಟೆಯ ಮೇಲೂ ರಕ್ತ ಒಸರುತ್ತಿದ್ದರೆ ಹೊಸ ಗಾಜ್ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಮತ್ತೆ ಅರ್ಧ ಗಂಟೆ ಕಚ್ಚಿಕೊಳ್ಳಿ. ಗಾಜ್ ಇಲ್ಲದಿದ್ದರೆ ಒದ್ದೆ ಮಾಡಿ ಹಿಂಡಿದ ಕಪ್ಪು ಚಹಾದ ಚೀಲವೂ ಆಗುತ್ತದೆ. ಅದರಲ್ಲಿರುವ ಟ್ಯಾನಿನ್ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಮೊದಲ ದಿನ ಉಗುಳಿನಲ್ಲಿ ತೆಳುಗೆಂಪು ಬಣ್ಣ ಕಾಣುವುದು ಸಹಜ. ಒಂದು ಹನಿ ರಕ್ತ ಬಾಯಿತುಂಬ ಎಂಜಲನ್ನೂ ಕೆಂಪಾಗಿಸಬಲ್ಲದು.

ಮರಗಟ್ಟಿದ ತುಟಿ ಮತ್ತು ನಾಲಗೆಯ ಬಗ್ಗೆ ಎಚ್ಚರವಿರಲಿ. ಕಚ್ಚಿಕೊಂಡರೆ ಆಗ ತಿಳಿಯುವುದಿಲ್ಲ, ಮೂರು ಗಂಟೆಯ ನಂತರ ಚೆನ್ನಾಗಿಯೇ ತಿಳಿಯುತ್ತದೆ. ಬಿಸಿ ಪಾನೀಯವೂ ಬೇಡ.

ಮೊದಲ ಮಾತ್ರೆ: ಮರಗಟ್ಟುವಿಕೆ ಇಳಿಯುವ ಮುನ್ನ

ಮೂಳೆ, ವಸಡು ಗಾಯಗೊಂಡ ಕೂಡಲೇ ದೇಹ ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸತೊಡಗುತ್ತದೆ. ಊತ ತರುವುದೂ ನರದ ತುದಿಗಳನ್ನು ಹುರಿಗೊಳಿಸುವುದೂ ಇವೇ. ಐಬುಪ್ರೊಫೇನ್‌ನಂಥ ಉರಿಯೂತ ನಿವಾರಕಗಳು ಈ ತಯಾರಿಕೆಯನ್ನೇ ತಡೆಯುತ್ತವೆ. ಆಸ್ಪಿರಿನ್ ಜಾತಿಯ ಔಷಧಗಳು ಕೆಲಸ ಮಾಡುವುದು ಹೀಗೆ ಎಂದು 1971ರಲ್ಲಿ ತೋರಿಸಿದವರು ಬ್ರಿಟಿಷ್ ಔಷಧವಿಜ್ಞಾನಿ ಜಾನ್ ವೇನ್. ಅವರಿಗೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಮಗೆ ಬೇಕಾದದ್ದು ಅದರ ತಾತ್ಪರ್ಯ: ತಡೆಯುವ ಮಾತ್ರೆ ತಯಾರಿಕೆ ಜೋರಾಗುವ ಮೊದಲೇ ಅಲ್ಲಿರಬೇಕು. ಉಕ್ಕಿ ಒಲೆಯ ಮೇಲೆ ಚೆಲ್ಲಿದ ಹಾಲನ್ನು ಪಾತ್ರೆಗೆ ತುಂಬಲಾಗುವುದಿಲ್ಲ, ಮೊದಲೇ ಉರಿ ತಗ್ಗಿಸಬೇಕು.

ಆದ್ದರಿಂದ ಕಿತ್ತ ಒಂದೆರಡು ಗಂಟೆಯೊಳಗೆ, ತುಟಿ ಇನ್ನೂ ಮರಗಟ್ಟಿರುವಾಗಲೇ ಮೊದಲ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಬೇಡ. ನಾಲ್ಕು ಚಮಚ ಮೊಸರು ಅಥವಾ ಅರ್ಧ ಲೋಟ ತಣ್ಣನೆಯ ಹಾಲು ಹೊಟ್ಟೆಗೆ ಹೋಗಿರಲಿ.

ಯಾವ ಮಾತ್ರೆ? ಐಬುಪ್ರೊಫೇನ್ 400 ಮಿಲಿಗ್ರಾಂ ಮತ್ತು ಪ್ಯಾರಸಿಟಮಾಲ್ 500ರಿಂದ 1000 ಮಿಲಿಗ್ರಾಂ, ಎರಡೂ ಒಟ್ಟಿಗೆ. ಇವು ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಂದೊಂದೇ ತೆಗೆದುಕೊಂಡದ್ದಕ್ಕಿಂತ ಜೋಡಿಯ ಬಲ ಹೆಚ್ಚು. ಹಲ್ಲು ಕೀಳಿಸಿದ ನೋವಿಗೆ ಅಫೀಮು ಮೂಲದ ಬಲವಾದ ಮಾತ್ರೆಗಳೇ ಬೇಕು ಎಂಬ ನಂಬಿಕೆ ಹಲವರಲ್ಲಿದೆ, ಆದರೆ ಸಾಮಾನ್ಯವಾಗಿ ಅವು ಬೇಕಾಗುವುದಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಕೂಡ ಮೊದಲ ಆಯ್ಕೆಯಾಗಿ ಹೇಳುವುದು ಉರಿಯೂತ ನಿವಾರಕವನ್ನೇ, ಅದನ್ನು ಒಂಟಿಯಾಗಿಯೋ ಪ್ಯಾರಸಿಟಮಾಲ್ ಜೊತೆಗೋ.

ನಾನು ಬರೆದಿಟ್ಟುಕೊಂಡ ವೇಳಾಪಟ್ಟಿ ಹೀಗಿತ್ತು. ಒಂದು ಚೀಟಿ, ಫ್ರಿಜ್ ಬಾಗಿಲಿಗೆ ಅಂಟಿಸಿದ್ದು. ಬೆಳಿಗ್ಗೆ ಹತ್ತೂವರೆಗೆ ಹಲ್ಲು ಹೊರಬಂದಿತ್ತು. ಮಧ್ಯಾಹ್ನ 12ಕ್ಕೆ ಎರಡೂ ಮಾತ್ರೆ, ಸಂಜೆ 6ಕ್ಕೆ ಎರಡೂ, ರಾತ್ರಿ 12ಕ್ಕೆ ಎರಡೂ, ಬೆಳಿಗ್ಗೆ 6ಕ್ಕೆ ಪ್ಯಾರಸಿಟಮಾಲ್ ಮಾತ್ರ. ಮತ್ತೆ ಮಧ್ಯಾಹ್ನದಿಂದ ಅದೇ ಸುತ್ತು. ತೆಗೆದುಕೊಂಡ ಕೂಡಲೇ ಪೆನ್ನಿನಿಂದ ಅದರ ಮುಂದೆ ಒಂದು ಗೀಟು. ಇದು ಅತಿಯಾಯಿತು ಎನಿಸಬಹುದು, ಆದರೆ ನಿದ್ದೆಗಣ್ಣಿನಲ್ಲಿ "ಈಗ ನುಂಗಿದೆನೋ ಇಲ್ಲವೋ" ಎಂದು ಯೋಚಿಸುವ ಸ್ಥಿತಿ ಬಂದಾಗ ಆ ಗೀಟಿನ ಬೆಲೆ ತಿಳಿಯುತ್ತದೆ.

ನಾಲ್ಕನೆಯ ಸಲ ಐಬುಪ್ರೊಫೇನ್ ಏಕಿಲ್ಲ? ವೈದ್ಯರು ಹೆಚ್ಚು ಬರೆದುಕೊಡದ ಹೊರತು ಅದರ ಮಿತಿ 24 ಗಂಟೆಗೆ 1200 ಮಿಲಿಗ್ರಾಂ, ಮೂರು ಮಾತ್ರೆಗೆ ಅದು ಮುಗಿಯಿತು. ಪ್ಯಾರಸಿಟಮಾಲ್‌ನ ಮಿತಿ 24 ಗಂಟೆಗೆ 4000 ಮಿಲಿಗ್ರಾಂ. ತೂಕ ಕಡಿಮೆ ಇರುವವರು, ದಿನವೂ ಮದ್ಯ ಸೇವಿಸುವವರು, ಪಿತ್ತಜನಕಾಂಗದ ತೊಂದರೆಯವರು ಇದಕ್ಕಿಂತ ಕೆಳಗೇ ನಿಲ್ಲಬೇಕು, ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಈ ವಿಷಯದಲ್ಲಿ ಜನ ಎಡವುವುದು ಎರಡು ಕಡೆ. ಶೀತ, ಜ್ವರದ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಅಡಗಿರುತ್ತದೆ, ನೋವಿನ ಜೋಡಿ ಮಾತ್ರೆಗಳಲ್ಲೂ ಇರುತ್ತದೆ. ಅವುಗಳ ಮೇಲೆ ಮತ್ತೆ ಪ್ಯಾರಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ವೈದ್ಯರು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೆಟೊರೊಲಾಕ್ ಇವುಗಳಲ್ಲಿ ಯಾವುದನ್ನಾದರೂ ಬರೆದಿದ್ದರೆ ಅದರ ಜೊತೆ ಐಬುಪ್ರೊಫೇನ್ ಸೇರಿಸಬಾರದು. ಹೆಸರು ಬೇರೆಯಾದರೂ ಕುಲ ಒಂದೇ. ನೋವು ಇಮ್ಮಡಿಯಾಗಿ ಕಡಿಮೆಯಾಗುವುದಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊರೆ ಮಾತ್ರ ಇಮ್ಮಡಿಯಾಗುತ್ತದೆ. ಮೇಲೆ ಹೇಳಿದ ಕಾಯಿಲೆಗಳಿರುವವರು, ಹಿಂದೆ ಆಸ್ಪಿರಿನ್ ನುಂಗಿ ಉಬ್ಬಸ ಬಂದವರು, ಗರ್ಭಿಣಿಯರು ಈ ಕುಲದ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಹದಿಹರೆಯದವರಿಗೂ ಮಕ್ಕಳಿಗೂ ಆಸ್ಪಿರಿನ್ ಬೇಡ, ಅವರ ಮಾತ್ರೆಯ ಪ್ರಮಾಣವನ್ನೂ ವೈದ್ಯರೇ ತೂಕ ನೋಡಿ ಹೇಳಬೇಕು.

ಗಡಿಯಾರದ ಶಿಸ್ತು ಮೊದಲ ಎರಡು ಅಥವಾ ಮೂರು ದಿನಕ್ಕೆ ಸಾಕು. ಆಮೇಲೆ ನೋವಿದ್ದರೆ ಮಾತ್ರ. ಆ್ಯಂಟಿಬಯಾಟಿಕ್ ಬರೆದಿದ್ದರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ, ಬರೆಯದಿದ್ದರೆ ಕೇಳಿ ಪಡೆಯಬೇಡಿ. ಅದು ನೋವಿನ ಮಾತ್ರೆಯಲ್ಲ.

ಮಂಜುಗಡ್ಡೆ

ಮೊದಲ ದಿನ, ಬೇಕಾದರೆ ಎರಡನೇ ದಿನವೂ, ಐಸ್ ಪ್ಯಾಕನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ 20 ನಿಮಿಷ ಇಡಿ, 20 ನಿಮಿಷ ತೆಗೆಯಿರಿ. ನೇರ ಚರ್ಮಕ್ಕೆ ಒತ್ತಬೇಡಿ, ಕೆನ್ನೆ ಮರಗಟ್ಟಿದ್ದಾಗ ಚಳಿಗೆ ಚರ್ಮ ಸುಟ್ಟರೂ ಗೊತ್ತಾಗದು. ಎರಡು ದಿನ ಕಳೆದ ಮೇಲೆ ಐಸ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ಆಗ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಮೊದಲ ದಿನವೇ ಶಾಖ ಕೊಟ್ಟರೆ ಊತವೂ ರಕ್ತವೂ ಹೆಚ್ಚುತ್ತವೆ. ಪಕ್ಕದ ಮನೆಯವರು ಕಾಳಜಿಯಿಂದಲೇ ಹೇಳಿದರೂ ಬೇಡ ಎನ್ನಿ.

ಮೊದಲ ರಾತ್ರಿ

ಮಲಗಿದೊಡನೆ ದವಡೆಯಲ್ಲಿ ನಾಡಿ ಬಡಿದಂತೆ ಡಬ್ ಡಬ್ ಎನ್ನುವುದು ಭ್ರಮೆಯಲ್ಲ. ತಲೆ ಹೃದಯದ ಮಟ್ಟಕ್ಕೆ ಬಂದಾಗ ಗಾಯದ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ. ಎರಡು ಮೂರು ದಿಂಬು ಒಟ್ಟಿ, ಬೆನ್ನ ಮೇಲೆ ಒರಗಿ ಮಲಗಿ. ಒರಗುಕುರ್ಚಿ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯ ಮಾತ್ರೆಗೆ ಮೊಬೈಲ್‌ನಲ್ಲಿ ಅಲಾರಂ ಇಡಿ. ನೀರಿನ ಲೋಟ, ಮಾತ್ರೆ, ಎರಡು ಬಿಸ್ಕತ್ತು ನೆನೆಸಲು ಸ್ವಲ್ಪ ಹಾಲು ಹಾಸಿಗೆಯ ಪಕ್ಕದಲ್ಲೇ ಇರಲಿ. ಬಾಯಲ್ಲಿ ಗಾಜ್ ಇಟ್ಟುಕೊಂಡು ಮಾತ್ರ ಮಲಗಬೇಡಿ, ಗಂಟಲಿಗೆ ಇಳಿಯುವ ಅಪಾಯವಿದೆ. ದಿಂಬಿಗೆ ಹಳೆಯ ಬಟ್ಟೆ ಹಾಸಿದರೆ ಬೆಳಿಗ್ಗೆ ಕಲೆ ತೊಳೆಯುವ ಕೆಲಸ ಉಳಿಯುತ್ತದೆ.

ಹೆಪ್ಪನ್ನು ಕಾಯುವ ಮೂರು ದಿನ

ಸ್ಟ್ರಾ ಹಾಕಿ ಹೀರುವುದು, ಜೋರಾಗಿ ಉಗಿಯುವುದು, ಸಿಗರೇಟು, ಇವೆಲ್ಲ ಬಾಯಿಯೊಳಗೆ ಎಳೆತ ಉಂಟುಮಾಡುತ್ತವೆ. ಎಳೆತಕ್ಕೆ ಹೆಪ್ಪು ಸಡಿಲವಾಗುತ್ತದೆ. ಎಂಜಲನ್ನು ನುಂಗಿ ಅಥವಾ ಬೇಸಿನ್ ಮೇಲೆ ಬಾಗಿ ಬಾಯಿ ತೆರೆದು ತಾನಾಗಿ ಸುರಿಯಲು ಬಿಡಿ. ಧೂಮಪಾನಿಗಳು ಕನಿಷ್ಠ 72 ಗಂಟೆ ದೂರವಿರಬೇಕು. ಹೊಗೆಯ ಎಳೆತ ಒಂದು ಕಡೆ, ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದು ಇನ್ನೊಂದು ಕಡೆ. ಹೊಗೆಯಿಲ್ಲದ ತಂಬಾಕೂ ಇದೇ ಸಾಲಿಗೆ ಸೇರುತ್ತದೆ. ಮೂರ್ನಾಲ್ಕು ದಿನ ಓಟ, ಭಾರ ಎತ್ತುವುದು, ಬಾಗಿ ಮಾಡುವ ಕೆಲಸ ಬೇಡ. ಮೇಲ್ದವಡೆಯ ಹಲ್ಲಾಗಿದ್ದರೆ ಮೂಗನ್ನು ಜೋರಾಗಿ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಮೇಲಿನ ಬೇರುಗಳು ಕೆನ್ನೆಮೂಳೆಯ ಒಳಗಿನ ಗಾಳಿಕೋಣೆಗೆ ಬಹಳ ಹತ್ತಿರ ಇರುತ್ತವೆ.

ಲವಂಗದ ಎಣ್ಣೆಯ ಬಗ್ಗೆ ಒಂದು ಮಾತು. ಹಲ್ಲುನೋವಿಗೆ ಅದರ ಹೆಸರು ದೊಡ್ಡದು, ಆದರೆ ಹಸಿ ಗಾಯಕ್ಕೆ ನೇರವಾಗಿ ಸುರಿದರೆ ಅಂಗಾಂಶ ಸುಡುತ್ತದೆ. ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಒತ್ತಿಡುವುದೂ ಹಾಗೆಯೇ. ಅಲ್ಲಿ ಬೆಳ್ಳಗಾಗಿ ಚರ್ಮ ಸುಲಿಯುತ್ತದೆ, ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಉಪ್ಪುನೀರು, ಬ್ರಷ್

ಮೊದಲ 24 ಗಂಟೆ ಮುಕ್ಕಳಿಸುವುದೇ ಬೇಡ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀಚಮಚ ಉಪ್ಪು ಹಾಕಿ, ಊಟವಾದ ಮೇಲೂ ಮಲಗುವ ಮುನ್ನವೂ ಬಾಯಿಗೆ ತುಂಬಿಕೊಳ್ಳಿ. ಗಳಗಳ ಎನಿಸಬೇಡಿ. ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿದರೆ ನೀರೇ ಓಡಾಡುತ್ತದೆ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ಔಷಧ ಕೊಟ್ಟಿದ್ದರೆ ಅದನ್ನೂ ಹೀಗೆಯೇ ಬಳಸಿ. ಉಳಿದ ಹಲ್ಲುಗಳನ್ನು ಮೊದಲ ರಾತ್ರಿಯಿಂದಲೇ ಮೆದು ಬ್ರಷ್‌ನಿಂದ ಉಜ್ಜಬಹುದು, ಗಾಯದ ಜಾಗ ಬಿಟ್ಟು. ಕೊಳೆ ಕೂತ ಬಾಯಿ ನಿಧಾನವಾಗಿ ಮಾಯುತ್ತದೆ.

ಕುಳಿಯ ಮೇಲೆ ಬಿಳಿ ಅಥವಾ ಹಳದಿ ಪೊರೆ ಕಂಡರೆ ಅದು ಕೀವೆಂದು ಕೆರೆದು ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಅದು ಮಾಯುವ ಗಾಯದ ಮೇಲೆ ಕಟ್ಟುವ ಫೈಬ್ರಿನ್ ಪೊರೆ, ಮೊಣಕಾಲಿನ ಗಾಯದ ಹಕ್ಕಳೆ ಬಾಯಲ್ಲಿ ಒದ್ದೆಯಾಗಿ ಕಾಣುವ ಬಗೆ ಅದು.

ಊಟ

ಮೊಸರು, ಹಿಸುಕಿದ ಬಾಳೆಹಣ್ಣು, ಆರಿದ ಸೂಪ್, ಮೆತ್ತಗಿನ ಮೊಟ್ಟೆ, ಹಿಸುಕಿದ ಆಲೂಗಡ್ಡೆ. ಚಮಚದಲ್ಲಿ, ಎದುರು ಬದಿಯಿಂದ. ಮೊದಲ ದಿನ ತಣ್ಣಗೆ ಅಥವಾ ಉಗುರುಬೆಚ್ಚಗೆ. ಕಾರ, ಹುಳಿ, ಗರಿಗರಿ ತಿಂಡಿ, ಕುಳಿಯಲ್ಲಿ ಸಿಕ್ಕಿಕೊಳ್ಳುವ ಸಣ್ಣ ಬೀಜಗಳು ಒಂದು ವಾರ ದೂರ. ಹಸಿವು ಇಲ್ಲವೆಂದು ನೀರನ್ನೂ ಬಿಟ್ಟರೆ ತಲೆನೋವು, ವಾಕರಿಕೆ ಸೇರಿಕೊಂಡು ಹಲ್ಲಿನ ನೋವೇ ಹೆಚ್ಚಾದಂತೆ ಅನಿಸುತ್ತದೆ. ನೋವಿನ ಮಾತ್ರೆ ಬಿಡುವವರೆಗೆ ಮದ್ಯ ಬೇಡ.

ಬಾಯಿ ತೆರೆಯದಿದ್ದಾಗ

ಎರಡನೆಯ, ಮೂರನೆಯ ದಿನ ಬಾಯಿ ಒಂದು ಬೆರಳಿನಷ್ಟೇ ತೆರೆಯುವುದು ಸಾಮಾನ್ಯ. ಅಗಿಯುವ ಸ್ನಾಯುಗಳು ಗಾಯದ ಪಕ್ಕದಲ್ಲೇ ಇವೆ, ಅವು ಮುನಿದು ಬಿಗಿದುಕೊಂಡಿರುತ್ತವೆ. ಮೂರನೇ ದಿನದಿಂದ ಬೆಚ್ಚನೆಯ ಬಟ್ಟೆಯ ಶಾಖ ಕೊಟ್ಟ ಮೇಲೆ ನೋವಿನ ಅಂಚಿನವರೆಗೆ ಬಾಯಿ ತೆರೆದು ಐದು ಎಣಿಸಿ ಮುಚ್ಚಿ. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಹತ್ತು ಬಾರಿ. ಎಳೆದಾಡಿ ತೆರೆಯಬೇಡಿ. ಒಂದೆರಡು ವಾರದಲ್ಲಿ ಮೊದಲಿನಂತಾಗುತ್ತದೆ.

ನೋವು ಇಳಿದು ಮತ್ತೆ ಏರಿದರೆ: ಡ್ರೈ ಸಾಕೆಟ್

ಎರಡು ದಿನ ಸುಧಾರಿಸಿ, ಮೂರನೆಯ ಅಥವಾ ನಾಲ್ಕನೆಯ ದಿನ ಕಿವಿಯವರೆಗೆ, ಕಪೋಲದವರೆಗೆ ಹಬ್ಬುವ, ಮಾತ್ರೆಗೆ ಬಗ್ಗದ ನೋವು. ಬಾಯಲ್ಲಿ ಕೆಟ್ಟ ರುಚಿ, ಉಸಿರಿನಲ್ಲಿ ವಾಸನೆ. ಕನ್ನಡಿಯಲ್ಲಿ ನೋಡಿದರೆ ಕಪ್ಪುಗೆಂಪು ಹೆಪ್ಪು ಇರಬೇಕಾದಲ್ಲಿ ಖಾಲಿ ಕುಳಿ, ತಳದಲ್ಲಿ ಬಿಳಿ ಮೂಳೆ. ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ದಂತವೈದ್ಯಕೀಯ ಸಾಹಿತ್ಯದಲ್ಲಿ 1896ರಿಂದಲೇ ಈ ಹೆಸರಿದೆ. ಹೆಪ್ಪು ಕರಗಿ ಅಥವಾ ಕಳಚಿ, ಮೂಳೆ ಗಾಳಿಗೂ ಎಂಜಲಿಗೂ ತೆರೆದುಕೊಂಡಿರುತ್ತದೆ. ಕೆಳದವಡೆಯ ಬುದ್ಧಿ ಹಲ್ಲಿನ ಜಾಗದಲ್ಲಿ ಇದು ಹೆಚ್ಚು. ಧೂಮಪಾನಿಗಳಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ, ಕೀಳಲು ಬಹಳ ಒದ್ದಾಡಿಸಿದ ಹಲ್ಲಿದ್ದವರಿಗೆ ಸಾಧ್ಯತೆ ಇನ್ನೂ ಹೆಚ್ಚು.

ಮನೆಯಲ್ಲಿ ಸಹಿಸಿಕೊಂಡು ಕೂರುವ ನೋವು ಇದಲ್ಲ. ವೈದ್ಯರು ಕುಳಿಯನ್ನು ತೊಳೆದು, ಸಾಮಾನ್ಯವಾಗಿ ಯೂಜೆನಾಲ್ ಇರುವ ಔಷಧದ ಪಟ್ಟಿಯನ್ನು ಅದರೊಳಗೆ ತುಂಬುತ್ತಾರೆ. ಯೂಜೆನಾಲ್ ಎಂದರೆ ಲವಂಗದ ಎಣ್ಣೆಯ ಸಾರವೇ. ಇಲ್ಲಿ ಅದು ಅಳತೆಯಲ್ಲಿ, ತಿಳಿದವರ ಕೈಯಲ್ಲಿ ಇದೆ. ನೆಮ್ಮದಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಪಟ್ಟಿಯನ್ನು ಒಂದೆರಡು ಸಲ ಬದಲಿಸಬೇಕಾಗಬಹುದು.

ಕಾಯದೆ ಫೋನ್ ಮಾಡಬೇಕಾದಾಗ

ಉಸಿರಾಡಲು ಅಥವಾ ಎಂಜಲು ನುಂಗಲು ಕಷ್ಟವಾದರೆ, ನಾಲಗೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ ಬೇಗ ಹಬ್ಬುತ್ತಿದ್ದರೆ ದಂತವೈದ್ಯರ ಸಮಯಕ್ಕೆ ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒತ್ತಿ ಹಿಡಿದರೂ ಬಾಯಿ ತುಂಬುವಷ್ಟು ರಕ್ತ ನಿಲ್ಲದೆ ಬರುತ್ತಿದ್ದರೂ ಹಾಗೆಯೇ.

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೂರು ದಿನದ ನಂತರವೂ ಏರುತ್ತಿರುವ ಊತ, ಕೀವು, ಮಾತ್ರೆಯ ನಂತರ ಮೈಮೇಲೆ ದದ್ದು, ನಿಲ್ಲದ ವಾಂತಿ, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ತಿಳಿಸಿ. ಮಾರನೆಯ ದಿನವೂ ತುಟಿ, ಗಲ್ಲ ಅಥವಾ ನಾಲಗೆ ಮರಗಟ್ಟಿದಂತೆಯೇ ಇದ್ದರೆ ಅದನ್ನೂ ಹೇಳಿ. ಕೆಳದವಡೆಯ ಬೇರಿನ ಪಕ್ಕದಲ್ಲೇ ಸಂವೇದನೆಯ ನರಗಳು ಹಾದುಹೋಗುತ್ತವೆ. ಬಹುಪಾಲು ಜನರಲ್ಲಿ ಸ್ಪರ್ಶ ವಾರಗಳಲ್ಲಿ, ತಿಂಗಳುಗಳಲ್ಲಿ ಮರಳುತ್ತದೆ, ಆದರೆ ವೈದ್ಯರ ಕಡತದಲ್ಲಿ ಅದು ಮೊದಲ ದಿನದಿಂದ ದಾಖಲಾಗಿರುವುದು ಒಳ್ಳೆಯದು.

ಎರಡನೇ ವಾರ

ಕರಗುವ ಹೊಲಿಗೆಗಳು ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ಉದುರುತ್ತವೆ. ಊಟದ ನಡುವೆ ನೂಲಿನ ತುಂಡು ಸಿಕ್ಕರೆ ಹೆದರಬೇಡಿ. ಈ ಹೊತ್ತಿಗೆ ನೋವಿನ ಬದಲು ಬೇರೊಂದು ಕಿರಿಕಿರಿ ಶುರುವಾಗುತ್ತದೆ: ಕುಳಿಯಲ್ಲಿ ಊಟ ಸಿಕ್ಕಿಕೊಳ್ಳುವುದು. ವೈದ್ಯರು ಒಪ್ಪಿದರೆ ಐದರಿಂದ ಏಳು ದಿನದ ನಂತರ ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಬೆಚ್ಚಗಿನ ಉಪ್ಪುನೀರು ತುಂಬಿ, ತುದಿಯನ್ನು ಕುಳಿಯ ಅಂಚಿಗೆ ಇಟ್ಟು ಮೆಲ್ಲಗೆ ಚಿಮುಕಿಸಿ. ಸಿರಿಂಜ್ ಹಿಡಿದ ಮೊದಲ ದಿನ ಕನ್ನಡಿಯ ಮುಂದೆ ಬಾಯಿ ಅಗಲಿಸಿ, ಮೊಬೈಲ್ ಟಾರ್ಚ್ ಹಿಡಿದು ಇದನ್ನು ಮಾಡಲು ನನಗೆ ಕಾಲು ಗಂಟೆ ಹಿಡಿಯಿತು, ಅಂಗಿಯ ತೋಳೂ ನೆನೆಯಿತು. ಕೊನೆಗೆ ಹೊರಬಂದದ್ದು ಒಂದೇ ಒಂದು ಅನ್ನದ ಅಗುಳು, ಎರಡು ದಿನದಿಂದ ಅಲ್ಲಿಯೇ ಬಿಡಾರ ಹೂಡಿತ್ತು. ವಸಡು ಮುಚ್ಚಿಕೊಳ್ಳುವವರೆಗೆ, ಎಂದರೆ ಇನ್ನೂ ಕೆಲವು ವಾರ, ಪ್ರತಿ ಊಟದ ನಂತರ ಇದನ್ನು ಮುಂದುವರಿಸಿ. ನಾಲ್ಕನೇ ದಿನದ ಹೊತ್ತಿಗೆ ಕನ್ನಡಿಯೂ ಬೇಕಾಗುವುದಿಲ್ಲ.